ಜಾಲತಾಣ ವಿನ್ಯಾಸಕರ ಕೃತಿಸಂಪುಟ: ಗಡಿಭಾಗದ ಯುವಜನರಿಗೊಂದು ಪಾಠ

ಡಾಬಕಾ, ಔರಾದ, ಭಾಲ್ಕಿ ಭಾಗದ ಯುವಕ ಯುವತಿಯರು ಉದ್ಯೋಗವನ್ನರಸಿ ದೂರದ ನಗರಗಳತ್ತ ಮುಖ ಮಾಡುವುದು ಹೊಸ ಸಂಗತಿಯೇನಲ್ಲ. ಬೀದರದಿಂದ ಹೈದರಾಬಾದಿಗೆ ಸುಮಾರು 140 ಕಿ.ಮೀ., ಬೆಂಗಳೂರಿಗೆ ಸುಮಾರು 700 ಕಿ.ಮೀ. ಅಷ್ಟು ದೂರ ಹೋಗಿ ಸಂದರ್ಶನಕ್ಕೆ ಕುಳಿತಾಗ, ಅಭ್ಯರ್ಥಿಯ ಊರಾಗಲಿ ಕಾಲೇಜಾಗಲಿ ಸಂದರ್ಶಕರಿಗೆ ಪರಿಚಿತವಾಗಿರಬೇಕೆಂದಿಲ್ಲ. ಅಂಕಪಟ್ಟಿಯೊಂದೇ ಆಧಾರವಾದರೆ ಗಡಿಭಾಗದ ಪ್ರತಿಭೆ ಮೊದಲ ಸುತ್ತಿನಲ್ಲಿಯೇ ಹಿಂದುಳಿಯುವ ಅಪಾಯವಿದೆ. ಜಾಲತಾಣ ವಿನ್ಯಾಸದ ವೃತ್ತಿಯಲ್ಲಿ ಈ ಕೊರತೆಯನ್ನು ತುಂಬಬಲ್ಲ ಸಾಧನವೆಂದರೆ ಕೃತಿಸಂಪುಟ, ಅಂದರೆ ಪೋರ್ಟ್‌ಫೋಲಿಯೊ. ತಾನು ಮಾಡಿದ ಕೆಲಸಗಳನ್ನು ಆಯ್ದು, ಅವುಗಳ ಹಿಂದಿನ ವಿಚಾರವನ್ನು ವಿವರಿಸಿ, ಯಾರು ಬೇಕಾದರೂ ತೆರೆದು ನೋಡುವಂತೆ ಇರಿಸಿದ ತಾಣವೇ ಕೃತಿಸಂಪುಟ. ಅದನ್ನು ಕಟ್ಟುವ ಕ್ರಮವನ್ನು ಹಂತ ಹಂತವಾಗಿ ಇಲ್ಲಿ ವಿವರಿಸಲಾಗಿದೆ.

1. ಆಯ್ಕೆ

ಕಲಿಕೆಯ ಕಾಲದಲ್ಲಿ ಮಾಡಿದ ಎಲ್ಲವನ್ನೂ ಸಂಪುಟದಲ್ಲಿ ತುಂಬುವುದು ಸಾಮಾನ್ಯ ದೋಷ. ಉದ್ಯೋಗದಾತರಿಗೆ ಸಮಯ ಕಡಿಮೆ. ದುರ್ಬಲವಾದ ಒಂದು ಕೃತಿ ಉತ್ತಮವಾದ ಮೂರನ್ನು ಮಸುಕುಗೊಳಿಸುತ್ತದೆ. ಆದುದರಿಂದ ಮೂರು ಅಥವಾ ನಾಲ್ಕು ಕೃತಿಗಳು ಸಾಕು. ಪ್ರತಿಯೊಂದು ಕೃತಿಯೊಡನೆ ನಾಲ್ಕು ಪ್ರಶ್ನೆಗಳಿಗೆ ಉತ್ತರವಿರಬೇಕು: ಸಮಸ್ಯೆ ಏನಿತ್ತು? ಬಳಸುವವರು ಯಾರು? ಯಾವ ಪರಿಹಾರವನ್ನು ಏಕೆ ಆರಿಸಲಾಯಿತು? ಫಲ ಏನಾಯಿತು? ಚಿತ್ರಗಳು ಕೈಚಳಕವನ್ನು ತೋರಿದರೆ ಈ ಉತ್ತರಗಳು ವಿವೇಚನೆಯನ್ನು ತೋರುತ್ತವೆ. ಸಂಬಳ ಕೊಡುವವರು ಮುಖ್ಯವಾಗಿ ಅರಸುವುದು ಎರಡನೆಯದನ್ನು.

2. ಸ್ಥಳೀಯ ವಸ್ತು

ಸಾವಿರಾರು ಅಭ್ಯರ್ಥಿಗಳು ಕಾಲ್ಪನಿಕ ಕಾಫಿ ಅಂಗಡಿಯ ತಾಣವನ್ನೋ ಪ್ರಸಿದ್ಧ ಕಂಪನಿಯೊಂದರ ಅನುಕರಣೆಯನ್ನೋ ತೋರಿಸುತ್ತಾರೆ. ಅವುಗಳ ನಡುವೆ ಎದ್ದು ಕಾಣಲು ನಮ್ಮ ಜಿಲ್ಲೆಯಲ್ಲಿಯೇ ಸಾಮಗ್ರಿಯಿದೆ. 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬಿದರಿ ಕಲೆಯನ್ನೇ ತೆಗೆದುಕೊಳ್ಳಬಹುದು. ಸತುವು ಮತ್ತು ತಾಮ್ರದ ಮಿಶ್ರಲೋಹದ ಎರಕ, ಅದರ ಮೇಲಿನ ಕೆತ್ತನೆ, ಬೆಳ್ಳಿಯ ಕೂರಿಕೆ, ಕೋಟೆಯ ಮಣ್ಣು ಹಾಗೂ ನವಸಾಗರದ ದ್ರಾವಣದಿಂದ ಬರುವ ಕಡುಗಪ್ಪು, ಈ ನಾಲ್ಕು ಹಂತಗಳನ್ನು ಕೊಳ್ಳುವವನಿಗೆ ತಿಳಿಯುವಂತೆ ಪುಟವಾಗಿಸುವುದು ಒಳ್ಳೆಯ ಪರೀಕ್ಷೆ. ಹೊಳೆಯುವ ಕಪ್ಪು ಪಾತ್ರೆಯನ್ನು ಕಪ್ಪು ಹಿನ್ನೆಲೆಯಲ್ಲಿಟ್ಟರೆ ಅದರ ಅಂಚು ಕಾಣದು. ಪೂರ್ಣ ಬಿಳಿಯಲ್ಲಿಟ್ಟರೆ ಬೆಳ್ಳಿಯ ಗೆರೆ ಸೊರಗುತ್ತದೆ. ಈ ತೊಡಕನ್ನು ಬಿಡಿಸಿದ ಬಗೆಯನ್ನು ಬರೆದಿಟ್ಟರೆ ಅದೇ ಒಂದು ಅಧ್ಯಯನ ಲೇಖನವಾಗುತ್ತದೆ.

ವಸ್ತು ಕಲಾತ್ಮಕವೇ ಆಗಿರಬೇಕೆಂದಿಲ್ಲ. ಡಾಬಕಾದಂಥ ಊರಿನ ಬೀಜ, ಗೊಬ್ಬರದ ಅಂಗಡಿಗೆ ಒಂದೇ ಪುಟದ ತಾಣ ಮಾಡಿದರೂ ಸಾಕು. ಮುಂಗಾರು ಬಿತ್ತನೆಯ ಮುನ್ನ ರೈತನಿಗೆ ಬೇಕಾದುದು ಸೋಯಾ, ತೊಗರಿ, ಉದ್ದಿನ ಯಾವ ತಳಿ ಇಂದು ದಾಸ್ತಾನಿನಲ್ಲಿದೆ, ಬೆಲೆ ಎಷ್ಟು, ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬ ಮೂರು ಮಾಹಿತಿ. ಅವನ್ನು ಪುಟದ ಮೇಲ್ಭಾಗದಲ್ಲಿಯೇ ಇರಿಸಿ, ಅಂಗಡಿಯವರೇ ನಿತ್ಯ ಬದಲಿಸಬಲ್ಲ ಸರಳ ವ್ಯವಸ್ಥೆ ಮಾಡಿದ ವಿನ್ಯಾಸಕನು ನಿಜವಾದ ಗ್ರಾಹಕನೊಡನೆ ವ್ಯವಹರಿಸಬಲ್ಲನೆಂಬುದು ಸಿದ್ಧವಾಗುತ್ತದೆ.

3. ಬಹುಭಾಷೆಯ ಬಲ

ಕನ್ನಡ, ಮರಾಠಿ, ಉರ್ದು, ಹಿಂದಿ, ತೆಲುಗು ಕಿವಿಗೆ ಬೀಳುವ ಪ್ರದೇಶ ನಮ್ಮದು. ಇದು ವಿನ್ಯಾಸಕನಿಗೆ ದೊಡ್ಡ ಬಂಡವಾಳ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಗೊತ್ತುಪಡಿಸಿದ ಸಾಲಂತರ ಸಾಲದು. ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆ. ನಸ್ತಾಲೀಕ್ ಶೈಲಿಗೆ ಇನ್ನೂ ಹೆಚ್ಚಿನ ಎತ್ತರ ಬೇಕು. ಆದರೆ ಅದರೊಳಗಿನ ದೂರವಾಣಿ ಸಂಖ್ಯೆ ಎಡದಿಂದ ಬಲಕ್ಕೇ ಇರಬೇಕು. ಒಂದೇ ತಾಣವನ್ನು ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ದೋಷವಿಲ್ಲದೆ ತೋರಿಸಿದ ಸಂಪುಟ ಅಪರೂಪವಾಗಿ ನಿಲ್ಲುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ ಪಠ್ಯವು ಹುಡುಕಾಟದಲ್ಲಿ ಸಿಗದು ಎಂಬುದನ್ನೂ ನೆನಪಿಡಬೇಕು.

4. ತಾಂತ್ರಿಕ ಗುಣಮಟ್ಟ

ಕೃತಿಸಂಪುಟದ ತಾಣವೇ ಅಭ್ಯರ್ಥಿಯ ಮೊದಲ ಕೃತಿ. ಪರದೆಯ ಅಳತೆಗೆ ತಕ್ಕಂತೆ ಹೊಂದಿಕೊಳ್ಳುವ ವಿನ್ಯಾಸದ ಕ್ರಮವನ್ನು ಈಥನ್ ಮಾರ್ಕಾಟ್ 2010ರಲ್ಲಿ ಮಂಡಿಸಿದರು. ಇಂದು ಅದು ಕನಿಷ್ಠ ನಿರೀಕ್ಷೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಗೂಗಲ್ ಸೂಚಿಸಿದ ಅಳತೆ. ಕಡಿಮೆ ಬೆಲೆಯ ಮೊಬೈಲಿನಲ್ಲಿ, ಹಳ್ಳಿಯ ಸಂಪರ್ಕದಲ್ಲಿಯೇ ಇದನ್ನು ಪರೀಕ್ಷಿಸತಕ್ಕದ್ದು. ಭಾರವಾದ ಚಿತ್ರಗಳನ್ನು ಕುಗ್ಗಿಸತಕ್ಕದ್ದು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂತಿಭೇದ ಕನಿಷ್ಠ 4.5:1 ಇರಬೇಕೆಂದು ಅಂತರರಾಷ್ಟ್ರೀಯ ಸುಗಮ್ಯತಾ ಮಾರ್ಗಸೂಚಿ ಹೇಳುತ್ತದೆ. ಬೆಳ್ಳಿಬಣ್ಣದ ಅಕ್ಷರ ಕಪ್ಪಿನ ಮೇಲೆ ಈ ಅಳತೆಯನ್ನು ಸುಲಭವಾಗಿ ದಾಟುತ್ತದೆ, ಬಿಳಿಯ ಮೇಲೆ ದಾಟದು.

5. ಪ್ರಾಮಾಣಿಕತೆ

ಗುಂಪಿನಲ್ಲಿ ಮಾಡಿದ ಕೆಲಸವಾದರೆ ತನ್ನ ಪಾಲು ಎಷ್ಟೆಂದು ಸ್ಪಷ್ಟವಾಗಿ ಬರೆಯಬೇಕು. ಸಿದ್ಧ ಮಾದರಿ, ಇತರರ ಚಿತ್ರ ಅಥವಾ ಕೃತಕ ಬುದ್ಧಿಮತ್ತೆಯ ನೆರವು ಪಡೆದಿದ್ದರೆ ಅದನ್ನೂ ಹೇಳಬೇಕು. ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದಾತರೇ ಮೊದಲ ಹಕ್ಕುದಾರರೆಂದು 1957ರ ಕೃತಿಸ್ವಾಮ್ಯ ಅಧಿನಿಯಮ ಹೇಳುತ್ತದೆ. ಆದುದರಿಂದ ಹಿಂದಿನ ಸಂಸ್ಥೆಯ ಕೆಲಸವನ್ನು ಪ್ರದರ್ಶಿಸುವ ಮುನ್ನ ಲಿಖಿತ ಅನುಮತಿ ಪಡೆಯುವುದು ಕ್ಷೇಮ. ಗ್ರಾಹಕರ ಹೆಸರು, ಮೊಬೈಲ್ ಸಂಖ್ಯೆಗಳಿರುವ ಪರದೆಯ ಚಿತ್ರಗಳನ್ನು ಎಂದಿಗೂ ಹಾಕಬಾರದು.

6. ವೆಚ್ಚ

ಗಿಟ್‌ಹಬ್ ಪೇಜಸ್‌ನಂಥ ಸೇವೆಯಲ್ಲಿ ಸರಳ ತಾಣವನ್ನು ಉಚಿತವಾಗಿ ಇರಿಸಬಹುದು. ಸ್ವಂತ ವಿಳಾಸ ಬೇಕೆಂದರೆ ವಾರ್ಷಿಕ ಶುಲ್ಕ ತಗಲುತ್ತದೆ. ಅದನ್ನು ತಪ್ಪದೆ ನವೀಕರಿಸಬೇಕು. ಅರ್ಜಿ ಕಳುಹಿಸಿದ ದಿನ ತಾಣ ತೆರೆಯದಿದ್ದರೆ ಅರ್ಜಿಯೂ ವ್ಯರ್ಥ.

ಸದಸ್ಯ ಉದ್ಯಮಿಗಳಿಗೆ

ಈ ಪಾಠದಲ್ಲಿ ನಮ್ಮ ವ್ಯಾಪಾರಿ ಬಾಂಧವರಿಗೂ ಪಾತ್ರವಿದೆ. ನಿಜವಾದ ಕೆಲಸ ದೊರೆಯದೆ ನಿಜವಾದ ಸಂಪುಟ ಬೆಳೆಯದು. ದಾಲ್ ಮಿಲ್ಲು, ಬಿದರಿ ಮಳಿಗೆ, ಬಟ್ಟೆ ಅಂಗಡಿ ನಡೆಸುವವರು ಸ್ಥಳೀಯ ವಿದ್ಯಾರ್ಥಿಗೆ ಚಿಕ್ಕದೊಂದು ಕೆಲಸವನ್ನು ನ್ಯಾಯವಾದ ಸಂಭಾವನೆಯೊಡನೆ ಒಪ್ಪಿಸಿ, ಸಂಪುಟದಲ್ಲಿ ತೋರಿಸಲು ಅನುಮತಿ ಪತ್ರ ನೀಡಿದರೆ ಇಬ್ಬರಿಗೂ ಲಾಭ. ಆಯ್ಕೆ ಮಾಡುವಾಗ ತಾಣವನ್ನು ತಮ್ಮದೇ ಮೊಬೈಲಿನಲ್ಲಿ ತೆರೆದು ನೋಡಿ, “ಇದನ್ನು ಹೀಗೇಕೆ ಮಾಡಿದಿರಿ?” ಎಂದು ಕೇಳಿರಿ. ಉತ್ತರದಲ್ಲಿ ಬಳಸುವವರ ಹಿತದ ಮಾತು ಬಂದರೆ ಅಭ್ಯರ್ಥಿ ಯೋಗ್ಯನೆಂದು ತಿಳಿಯಬಹುದು.

ಹೀಗೆ ಬೆಳೆದ ಸಂಪುಟ ಕೆಲವರನ್ನು ಮಹಾನಗರಕ್ಕೆ ಕರೆದೊಯ್ಯಬಹುದು. ಕೆಲವರಿಗೆ ಊರಿನಲ್ಲಿಯೇ ಕುಳಿತು ದೂರದ ಕೆಲಸ ಮಾಡುವ ದಾರಿಯನ್ನೂ ತೆರೆಯಬಹುದು. ಹೋಗುವುದೋ ಉಳಿಯುವುದೋ ಎಂಬ ಆಯ್ಕೆ ಅನಿವಾರ್ಯತೆಯಿಂದಲ್ಲದೆ ಅವರ ಇಚ್ಛೆಯಿಂದ ಆಗಲೆಂಬುದೇ ಆಶಯ.