ಕೆನಡಾದ ಸ್ವಯಂಸೇವಾ ಸಂಸ್ಥೆಗಳಲ್ಲಿ ಎರಡು ಭಾಷೆ: ಹೊಣೆ ಯಾರದು, ಹಕ್ಕು ಯಾರದು?

ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಕೆನಡಾದ ಅಧಿಕೃತ ಭಾಷೆಗಳಾಗಿರುವುದರಿಂದ ಅಲ್ಲಿನ ಪ್ರತಿಯೊಂದು ಸಂಘವೂ ಎರಡೂ ಭಾಷೆಗಳಲ್ಲಿ ವ್ಯವಹರಿಸಲೇಬೇಕೆಂದು ಭಾವಿಸುವುದು ಸಹಜವಾದರೂ ಕಾನೂನು ಹಾಗೆ ಹೇಳುವುದಿಲ್ಲ. 1982ರ ಹಕ್ಕುಗಳ ಸನ್ನದು ಮತ್ತು 1988ರ ಅಧಿಕೃತ ಭಾಷಾ ಕಾಯ್ದೆ ದ್ವಿಭಾಷಾ ಸೇವೆಯ ಹೊಣೆಯನ್ನು ಹೊರಿಸುವುದು ಮುಖ್ಯವಾಗಿ ಒಕ್ಕೂಟ ಸರ್ಕಾರದ ಸಂಸ್ಥೆಗಳ ಮೇಲೆ; ಸದಸ್ಯರು ತಾವಾಗಿ ಕಟ್ಟಿಕೊಂಡ ಸಂಘವು ತನ್ನ ಸಭೆಯ ಭಾಷೆಯನ್ನು ತಾನೇ ಆರಿಸಿಕೊಳ್ಳಬಹುದಾದ್ದರಿಂದ ಅಲ್ಲಿ ನೆಲೆಸಿದ ಕನ್ನಡಿಗರ ಸಂಘಗಳು ಕನ್ನಡದಲ್ಲೇ ಸಭೆ ನಡೆಸುವುದಕ್ಕೂ ಅಡ್ಡಿಯಿಲ್ಲ. ಕ್ವಿಬೆಕ್ ಪ್ರಾಂತ್ಯದ ಸ್ಥಿತಿ ಬೇರೆ: 1977ರ ಫ್ರೆಂಚ್ ಭಾಷಾ ಸನ್ನದಿನ ಪ್ರಕಾರ ಉದ್ಯೋಗದಾತರು ಸಿಬ್ಬಂದಿಗೆ ಲಿಖಿತ ಸೂಚನೆಗಳನ್ನು ಫ್ರೆಂಚಿನಲ್ಲಿ ನೀಡಬೇಕಾಗಿದ್ದು, ಸಂಬಳದ ನೌಕರರಿರುವ ಸಂಘಗಳು ಇದನ್ನು ಮರೆಯುವಂತಿಲ್ಲ.

ಸಂಘವೊಂದು ಸರ್ಕಾರದ ಪರವಾಗಿ ಜನರಿಗೆ ಸೇವೆ ಒದಗಿಸತೊಡಗಿದಾಗ ಚಿತ್ರ ಬದಲಾಗುತ್ತದೆ. ಅಧಿಕೃತ ಭಾಷಾ ಕಾಯ್ದೆಯ 25ನೆಯ ಕಲಮಿನಂತೆ, ಇಲಾಖೆಯೊಂದು ತಾನೇ ಎರಡೂ ಭಾಷೆಗಳಲ್ಲಿ ಕೊಡಬೇಕಾಗಿದ್ದ ಸೇವೆಯನ್ನು ಬೇರೊಬ್ಬರ ಮೂಲಕ ಕೊಡಿಸಿದರೂ ಎರಡೂ ಭಾಷೆಗಳಲ್ಲಿ ಅದು ದೊರೆಯುವಂತೆ ನೋಡಿಕೊಳ್ಳುವ ಹೊಣೆ ಇಲಾಖೆಯಲ್ಲೇ ಉಳಿಯುತ್ತದೆ. ಅನುದಾನ ಪಡೆದ ಮಾತ್ರಕ್ಕೆ ಸಂಘವು ಸರ್ಕಾರದ ಪರವಾಗಿ ಕೆಲಸ ಮಾಡುತ್ತಿದೆ ಎಂದಾಗುವುದಿಲ್ಲ. ಆದರೆ ಅನುದಾನದ ಒಪ್ಪಂದದಲ್ಲೇ ಭಾಷೆಯ ಷರತ್ತುಗಳಿರಬಹುದಾದ್ದರಿಂದ ಸಹಿ ಹಾಕುವ ಮೊದಲು ಅವನ್ನು ಓದಿ, ಅನುವಾದದ ವೆಚ್ಚವನ್ನು ಆಯವ್ಯಯದಲ್ಲಿ ತೋರಿಸಿ, ಹಣ ಕೇಳುವುದು ಅಗತ್ಯ. ಒಂಟಾರಿಯೊದ ಹ್ಯುರೋನಿಯಾ ಪ್ರದೇಶದ ಫ್ರೆಂಚ್ ಭಾಷಿಕರು ಸಮುದಾಯದ ಆರ್ಥಿಕಾಭಿವೃದ್ಧಿ ಸೇವೆಯ ಬಗ್ಗೆ ಹೂಡಿದ ಡೆರೊಶೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಮೇಲ್ಮನವಿಯನ್ನು ವಜಾ ಮಾಡಿತಾದರೂ ಒಂದು ಬೆಲೆಯುಳ್ಳ ತತ್ವವನ್ನು ಎತ್ತಿಹಿಡಿಯಿತು: ಸಮಾನತೆಯೆಂದರೆ ಬಹುಸಂಖ್ಯಾತರಿಗಾಗಿ ರೂಪಿಸಿದ್ದನ್ನು ಇನ್ನೊಂದು ಭಾಷೆಗೆ ತಿರುಗಿಸಿಕೊಡುವುದಷ್ಟೇ ಆಗಿರಬೇಕಿಲ್ಲ, ಸೇವೆಯ ಸ್ವರೂಪವನ್ನು ಅವಲಂಬಿಸಿ ಅದರ ಒಳತಿರುಳೇ ಭಿನ್ನವಾಗಬೇಕಾದೀತು.

ದ್ವಿಭಾಷಾ ಸೇವೆಯ ಹೊಣೆ ಅನ್ವಯಿಸದ ಸಂಘಗಳಲ್ಲಿ ಸದಸ್ಯರ ನಿಜವಾದ ರಕ್ಷಣೆ ಬೈಲಾ, ಅಂದರೆ ಸಂಘದ ಒಳಾಡಳಿತದ ನಿಯಮಾವಳಿ. ಒಕ್ಕೂಟದ ಲಾಭರಹಿತ ನಿಗಮಗಳ ಕಾಯ್ದೆಯಡಿ ನೋಂದಾಯಿತ ಸಂಸ್ಥೆ ತನ್ನ ಹೆಸರನ್ನು ಎರಡೂ ಭಾಷೆಗಳಲ್ಲಿ ಇಟ್ಟುಕೊಳ್ಳಬಹುದು. ಆದರೆ ನಾಮಫಲಕ ಎರಡು ಭಾಷೆಯಲ್ಲಿದ್ದು ನಡಾವಳಿ ಮಾತ್ರ ಒಂದೇ ಭಾಷೆಯಲ್ಲಿದ್ದರೆ ಅಲ್ಪಸಂಖ್ಯಾತ ಸದಸ್ಯರಿಗೆ ನ್ಯಾಯ ದೊರೆತಂತಾಗುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲಿ ಮಾತನಾಡಿ ಇನ್ನೊಂದನ್ನು ಅರ್ಥಮಾಡಿಕೊಳ್ಳಲಿ ಎಂಬ ಪದ್ಧತಿಯೂ, ಒಬ್ಬ ಸದಸ್ಯರಿಗೆ ಫ್ರೆಂಚ್ ಅರ್ಥವಾಗದಿದ್ದಲ್ಲಿ, ಇಡೀ ಸಭೆಯನ್ನು ಇಂಗ್ಲಿಷಿಗೆ ಹೊರಳಿಸಿಬಿಡಬಲ್ಲದು. ಆದಕಾರಣ ಸಭೆಯ ಸೂಚನಾಪತ್ರ, ಕಾರ್ಯಸೂಚಿ ಮತ್ತು ಠರಾವುಗಳು ಎರಡೂ ಭಾಷೆಗಳಲ್ಲಿ ಒಂದೇ ಸಮಯಕ್ಕೆ ಸದಸ್ಯರ ಕೈಸೇರಬೇಕೆಂದೂ, ಎರಡು ಪಾಠಗಳ ನಡುವೆ ವ್ಯತ್ಯಾಸ ಕಂಡರೆ ಅದನ್ನು ಬಗೆಹರಿಸುವ ಕ್ರಮವೇನೆಂದೂ ಬೈಲಾದಲ್ಲಿ ಬರೆದಿಡುವುದು ಸೂಕ್ತ.

ಒಕ್ಕೂಟ ಸರ್ಕಾರದ ಪರವಾದ ಸೇವೆ ತಮ್ಮ ಭಾಷೆಯಲ್ಲಿ ದೊರೆಯದಿದ್ದರೆ ನಾಗರಿಕರು ಸಂಬಂಧಪಟ್ಟ ಇಲಾಖೆಯ ವಿರುದ್ಧ ಅಧಿಕೃತ ಭಾಷಾ ಆಯುಕ್ತರಿಗೆ ದೂರು ಕೊಡಬಹುದು. ದೂರುದಾರರು ಆ ಭಾಷೆಯನ್ನಾಡುವವರೇ ಆಗಿರಬೇಕೆಂಬ ನಿಯಮವಿಲ್ಲ. ತನಿಖೆಯ ಫಲಿತಾಂಶ ತಿಳಿದ 60 ದಿನಗಳೊಳಗೆ, ಅಥವಾ ದೂರು ಕೊಟ್ಟು 6 ತಿಂಗಳಾದರೂ ಫಲಿತಾಂಶ ತಿಳಿಸದಿದ್ದಲ್ಲಿ ಆ ಬಳಿಕ, ಅಧಿಕೃತ ಭಾಷಾ ಕಾಯ್ದೆಯ 77ನೆಯ ಕಲಮಿನಡಿ ಒಕ್ಕೂಟ ನ್ಯಾಯಾಲಯದ ಮೊರೆಹೋಗಬಹುದು. ಸಂಘದ ಆಂತರಿಕ ಸಭೆಯ ಭಾಷೆಯ ಕುರಿತ ತಕರಾರು ಆಯುಕ್ತರ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ಬೈಲಾ ತಿದ್ದುಪಡಿಯ ರೂಪದಲ್ಲಿ ಸರ್ವಸದಸ್ಯರ ಸಭೆಯ ಮುಂದಿಡಬೇಕಾಗುತ್ತದೆ.