ಸ್ಯಾಂಪಲ್ ತೆಗೆದಿಟ್ಟ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ



ಡೇರಿಯಲ್ಲಿ ಹಾಲು ಅಳೆಯುವಾಗಲೇ ಸ್ಯಾಂಪಲ್ ತೆಗೆಯುತ್ತಾರೆ. ಎಲ್ಲರ ಹಾಲಿನ ಜೊತೆ ಕ್ಯಾನಿಗೆ ಸುರಿದ ಮೇಲೆ ‘ನನ್ನ ಹಾಲಿನ ಫ್ಯಾಟ್ ಇಷ್ಟಿತ್ತು’ ಎಂದು ಯಾರೂ ಸಾಧಿಸಲಾರರು. ಮೊಬೈಲ್‌ನಲ್ಲಿ ಕಂಡ ಜಾಹೀರಾತೂ ಹಾಗೆಯೇ. ಇಂದು ಇರುತ್ತದೆ, ನಾಳೆ ಇರುವುದಿಲ್ಲ. ಇರುವಾಗಲೇ ಪರದೆಯ ಚಿತ್ರ ಹಿಡಿದಿಟ್ಟರೆ ಅದೇ ನಮ್ಮ ಸ್ಯಾಂಪಲ್. ಅದನ್ನೇ ಸ್ಕ್ರೀನ್‌ಶಾಟ್ ಎನ್ನುತ್ತಾರೆ.

ಹಾವೇರಿಯ ಜಾನುವಾರು ಸಂತೆಗೆ ಹೋದರೆ ಎಮ್ಮೆಯ ಹಲ್ಲು ನೋಡುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ. ಮೊಬೈಲ್‌ನಲ್ಲಿ ಬರೀ ಫೋಟೊ. ಬ್ಯಾಡಗಿ ಕಡೆಯ ಒಬ್ಬ ಅಕ್ಕ ಹೀಗೊಂದು ಜಾಹೀರಾತು ನೋಡಿದರು ಎಂದಿಟ್ಟುಕೊಳ್ಳಿ: ‘ಮುರ್ರಾ ಎಮ್ಮೆ, ದಿನಕ್ಕೆ 16 ಲೀಟರ್ ಹಾಲು, ಬೆಲೆ 45,000 ರೂಪಾಯಿ, ಮನೆ ಬಾಗಿಲಿಗೆ ತಂದು ಬಿಡುತ್ತೇವೆ.’ ಬುಕಿಂಗ್ ಎಂದು 5,000 ಕಳಿಸಿದರು. ಮರುದಿನ ಗಾಡಿ ಬಾಡಿಗೆ ಕೇಳಿದರು, ಆಮೇಲೆ ವಿಮೆಯ ಹಣ ಕೇಳಿದರು. ಅಕ್ಕ ಸಿಟ್ಟಿನಿಂದ ಬೈದರು. ಅರ್ಧ ಗಂಟೆಯಲ್ಲಿ ಜಾಹೀರಾತೂ ಇಲ್ಲ, ವಾಟ್ಸಾಪ್ ಮೆಸೇಜೂ ಇಲ್ಲ. ಕಳಿಸಿದವನೇ ಎಲ್ಲವನ್ನೂ ಅಳಿಸಿದ್ದ.

ಇದರಿಂದ ಕಲಿಯುವ ಪಾಠ ಒಂದೇ: ಮೊದಲು ಚಿತ್ರ, ಆಮೇಲೆ ಜಗಳ. ಇನ್ನೂ ಒಳ್ಳೆಯದೆಂದರೆ ಹಣ ಕಳಿಸುವ ಮೊದಲೇ ಚಿತ್ರ ತೆಗೆದಿಡುವುದು. ಎಮ್ಮೆ ಇರಲಿ, ಹಿಂಡಿ ಇರಲಿ, ರಾಣೆಬೆನ್ನೂರಿನಿಂದ ತರಿಸುವ ಮೇವಿನ ಬೀಜ ಇರಲಿ, ಎಲ್ಲಕ್ಕೂ ಇದೇ ಮಾತು.

ತೆಗೆಯುವುದು ಹೇಗೆ?

1. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪವರ್ ಬಟನ್ ಮತ್ತು ಧ್ವನಿ ಕಡಿಮೆ ಮಾಡುವ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ. ಚಿತ್ರ ಗ್ಯಾಲರಿಗೆ ಹೋಗುತ್ತದೆ.

2. ಪುಟದ ಮೇಲ್ಭಾಗದ ವಿಳಾಸ ಕಾಣುವಂತೆ ತೆಗೆಯಿರಿ. ವಿಳಾಸವನ್ನು ಕಾಪಿ ಮಾಡಿ ಬೇರೆಯಾಗಿಯೂ ಉಳಿಸಿಕೊಳ್ಳಿ. ಹೆಸರು, ಫೋಟೊ ಬದಲಾಯಿಸುವುದು ಮೋಸಗಾರರಿಗೆ ಸುಲಭ.

3. ಪುಟ ಉದ್ದವಿದ್ದರೆ ಮೇಲಿನಿಂದ ಕೆಳಗಿನವರೆಗೆ ಮೂರು-ನಾಲ್ಕು ಚಿತ್ರ ತೆಗೆಯಿರಿ. ಒಂದರ ಕೊನೆಯ ಸಾಲು ಮುಂದಿನದರಲ್ಲಿ ಮೊದಲಿಗೆ ಬರಲಿ. ಆಗ ನಡುವೆ ಏನೂ ಬಿಟ್ಟಿಲ್ಲ ಎಂದು ಗೊತ್ತಾಗುತ್ತದೆ.

4. ಪರದೆಯ ಮೇಲೆ ಸಾಮಾನ್ಯವಾಗಿ ಗಂಟೆ ಮಾತ್ರ ಕಾಣುತ್ತದೆ, ತಾರೀಖು ಕಾಣುವುದಿಲ್ಲ. ತಾರೀಖು, ವೇಳೆ, ಏನು ನಡೆಯಿತು ಎಂಬುದನ್ನು ಡೇರಿ ಪಾಸ್‌ಬುಕ್ ಬರೆದಂತೆ ವಹಿಯಲ್ಲಿ ಬರೆದಿಡಿ.

5. ಅವರ ಫೋನ್ ನಂಬರ್, ಮಾತುಕತೆ, ಹಣ ಕಳಿಸಿದ ರಸೀದಿ ಎಲ್ಲವನ್ನೂ ತೆಗೆಯಿರಿ. ರಸೀದಿಯಲ್ಲಿ 12 ಅಂಕಿಯ ಯುಟಿಆರ್ ನಂಬರ್ ಕಾಣಬೇಕು. ಕೆಲವು ಬ್ಯಾಂಕ್ ಆ್ಯಪ್‌ಗಳು ಸ್ಕ್ರೀನ್‌ಶಾಟ್ ತೆಗೆಯಲು ಬಿಡುವುದಿಲ್ಲ. ಆಗ ಮನೆಯವರ ಫೋನಿನಿಂದ ಪರದೆಯ ಫೋಟೊ ಹೊಡೆಯಿರಿ.

ಕಾಪಾಡುವುದು ಹೇಗೆ?

ಸ್ಯಾಂಪಲ್‌ಗೆ ನೀರು ಬೆರೆಸಿದರೆ ಅದು ಸ್ಯಾಂಪಲ್ ಅಲ್ಲ. ಚಿತ್ರವನ್ನೂ ಕತ್ತರಿಸಬೇಡಿ, ಗೆರೆ ಎಳೆಯಬೇಡಿ. ಯಾರಿಗಾದರೂ ಗುರುತು ಹಾಕಿ ತೋರಿಸಬೇಕಿದ್ದರೆ ಇನ್ನೊಂದು ಪ್ರತಿಯಲ್ಲಿ ಹಾಕಿ. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರದ ಗುಣಮಟ್ಟ ಇಳಿಯಬಹುದು, ಡಾಕ್ಯುಮೆಂಟ್ ಎಂದು ಕಳಿಸಿ. ಇಮೇಲ್‌ಗೂ ಒಂದು ಪ್ರತಿ ಹಾಕಿಕೊಳ್ಳಿ. ಮುಖ್ಯವಾಗಿ ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

ಯಾಕೆಂದರೆ ಚಿತ್ರವನ್ನು ತಿದ್ದಬಹುದು ಎಂದು ನ್ಯಾಯಾಲಯಕ್ಕೂ ಗೊತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಚಿತ್ರದ ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಒಂದು ಭಾಗ ಪ್ರತಿ ಹಾಜರುಪಡಿಸುವವರದು, ಇನ್ನೊಂದು ಭಾಗ ತಜ್ಞರದು. ಅದನ್ನು ತಯಾರಿಸಲು ವಕೀಲರು ನೆರವಾಗುತ್ತಾರೆ. ಮೂಲ ಫೋನ್ ಮತ್ತು ಮೂಲ ಚಿತ್ರ ಕಾಪಾಡುವುದು ನಮ್ಮ ಕೆಲಸ.

ಹಣ ಹೋಗಿದ್ದರೆ ತಡ ಮಾಡಬೇಡಿ

ಚಿತ್ರ ತೆಗೆಯಲು ಐದು ನಿಮಿಷ ಸಾಕು. ಕೂಡಲೇ 1930ಕ್ಕೆ ಕರೆ ಮಾಡಿ. ಆ ಹಣವನ್ನು ಮೋಸಗಾರ ಖಾತೆಯಿಂದ ತೆಗೆಯುವ ಮೊದಲೇ ದೂರು ಮುಟ್ಟಿದರೆ ತಡೆಹಿಡಿಯುವ ಅವಕಾಶ ಹೆಚ್ಚು. ಹತ್ತಿರದ ಠಾಣೆಯಲ್ಲಿ ಅಥವಾ ಹಾವೇರಿಯ ಸಿಇಎನ್ ಠಾಣೆಯಲ್ಲಿಯೂ ದೂರು ಕೊಡಬಹುದು. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕು. ಕೇಳಿ ಪಡೆಯಿರಿ. ‘ಮನೆಯಲ್ಲಿ ಬೈತಾರೆ’ ಎಂದು ಮುಚ್ಚಿಡಬೇಡಿ. ಮುಚ್ಚಿಟ್ಟಷ್ಟೂ ಮೋಸಗಾರನಿಗೇ ಲಾಭ.

ಈ ವಾರದ ಅಭ್ಯಾಸ: ಸಂಜೆ ಹಾಲು ಹಾಕಿ ಬಂದ ಮೇಲೆ ಮೊಬೈಲ್‌ನಲ್ಲಿ ಯಾವುದಾದರೂ ಒಂದು ಪುಟ ತೆರೆದು, ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಬರದಿದ್ದರೆ ಮಗಳನ್ನೋ ಸೊಸೆಯನ್ನೋ ಕೇಳಿ. ಕಲಿತ ಮೇಲೆ ಪಕ್ಕದ ಮನೆಯ ಒಬ್ಬರಿಗೆ ಕಲಿಸಿ.