ನಳಿಗೆಗಿಂತ ಉದ್ದದ ಕಾಗದ

ಕೋವಿ ಕೊಳ್ಳಬೇಕೆಂದು ಹೊರಟವರು ಮೊದಲು ಕೇಳುವುದು ‘ಎಷ್ಟಾಗುತ್ತೆ?’ ಎಂದು. ಆಮೇಲೆ ‘ಒಂಟಿ ನಳಿಗೆ ಸಾಕೋ, ಜೋಡಿ ನಳಿಗೆಯೇ ಬೇಕೋ?’ ಲೈಸೆನ್ಸಿನ ಮಾತು ಬರುವುದು ಕೊನೆಗೆ, ಅದೂ ‘ಅದೊಂದು ಮಾಡಿಸಿಕೊಂಡರಾಯಿತು’ ಎಂಬ ಧಾಟಿಯಲ್ಲಿ. ಕೋವಿಯ ಬಗೆಗಳನ್ನು, ಅಂಗಡಿಯ ದರವನ್ನು, ಕಾನೂನನ್ನು ಒಟ್ಟಿಗಿಟ್ಟು ನೋಡುತ್ತಾ ಬಂದ ನನಗೆ ಈ ಕ್ರಮವೇ ತಲೆಕೆಳಗು ಎಂದು ಮನದಟ್ಟಾಗಿದೆ. ನಮ್ಮ ದೇಶದಲ್ಲಿ ಕೋವಿ ಅಂಗಡಿಯವನು ಬರೀ ಕೋವಿ ಮಾರಲಾರ. ಗಿರಾಕಿಯ ಕೈಯಲ್ಲಿರುವ ಲೈಸೆನ್ಸಿನಲ್ಲಿ ಯಾವ ಬಗೆಯ ಆಯುಧ ಎಂದು ಬರೆದಿದೆಯೋ ಅದನ್ನಷ್ಟೇ ಕೊಡಬಲ್ಲ. ತಂದ ಮೇಲೆ ಅದರ ನಂಬರು ಲೈಸೆನ್ಸಿಗೆ ಏರಬೇಕು, ಕೊಂಡ ತೋಟಾಗಳ ಲೆಕ್ಕವೂ ಅಲ್ಲಿ ಸೇರಬೇಕು. ಹೀಗಾಗಿ ಅಂಗಡಿಯಲ್ಲಿ ನಿಂತು ಆರಿಸುವ ಹೊತ್ತಿಗೆ ಆಯ್ಕೆ ಮುಕ್ಕಾಲು ಪಾಲು ಮುಗಿದೇ ಹೋಗಿರುತ್ತದೆ. ಅರ್ಜಿ ಬರೆದ ದಿನವೇ ಮುಗಿದಿರುತ್ತದೆ.

ದರವನ್ನೇ ಮೊದಲು ನೋಡೋಣ. ಕಾನ್ಪುರದ ಕಾರ್ಖಾನೆಯಿಂದ ‘ನಿರ್ಭೀಕ್’ ಎಂಬ .32 ರಿವಾಲ್ವರ್ 2014ರಲ್ಲಿ ಹೊರಬಂದಾಗ ಅದರ ಬೆಲೆ 1,22,360 ರೂಪಾಯಿ. ತೂಕ ಅರ್ಧ ಕಿಲೋ. 2020ರಲ್ಲಿ ವೆಬ್ಲಿ ಅಂಡ್ ಸ್ಕಾಟ್ ಎಂಬ ಬ್ರಿಟಿಷ್ ಹೆಸರು ಉತ್ತರ ಪ್ರದೇಶದ ಹರ್ದೋಯಿಯಲ್ಲಿ ತಯಾರಿಕೆ ಶುರುಮಾಡಿದಾಗ ಅದೇ .32 ಅಳತೆಯ ರಿವಾಲ್ವರಿಗೆ ಸುಮಾರು 1.6 ಲಕ್ಷ. ಮುಂಗೇರ್‌ನ, ಜಮ್ಮುವಿನ ಖಾಸಗಿ ತಯಾರಕರ 12 ಬೋರಿನ ಒಂಟಿ ನಳಿಗೆ ಕೋವಿ ಇದರ ಒಂದು ಸಣ್ಣ ಪಾಲಿಗೆ ಸಿಗುತ್ತದೆ. ಕಬ್ಬಿಣ, ಮರ ಎರಡನ್ನೂ ತೂಗಿದರೆ ಕೋವಿಯೇ ಹೆಚ್ಚು. ಹಾಗಿದ್ದರೆ ಅಂಗೈಯಗಲದ ರಿವಾಲ್ವರ್ ಇಷ್ಟು ದುಬಾರಿ ಏಕೆ? ಕುಶಲಕರ್ಮಿಯ ಕೈಚಳಕ ಎಂದು ಹೇಳುವವರಿದ್ದಾರೆ. ನಾನು ಕಂಡುಕೊಂಡ ಉತ್ತರ ಬೇರೆ: ಆ ಬೆಲೆಯನ್ನು ಕಟ್ಟಿದ್ದು ಕಾನೂನು. ಎಂಬತ್ತರ ದಶಕದ ನಡುವಿನಿಂದ ಸಾಮಾನ್ಯ ನಾಗರಿಕನಿಗೆ ವಿದೇಶಿ ಬಂದೂಕಿನ ಆಮದು ಮುಚ್ಚಿದೆ. 9 ಎಂಎಂ, .38, .45 ಎಲ್ಲ ನಿಷೇಧಿತ ಬೋರು. ಉಳಿದವುಗಳಲ್ಲಿ ಮುಖ್ಯವಾದದ್ದು .32. .32 ಪಿಸ್ತೂಲಿನ ತೋಟಾವನ್ನು ಜಾನ್ ಬ್ರೌನಿಂಗ್ ರೂಪಿಸಿದ್ದು 1899ರಲ್ಲಿ. ಶತಮಾನ ದಾಟಿದ ಅಳತೆಯೊಂದು ನಮ್ಮಲ್ಲಿ ಇನ್ನೂ ಪ್ರತಿಷ್ಠೆಯ ವಸ್ತುವಾಗಿ ಬಾಳುತ್ತಿರುವುದು ತನ್ನ ಗುಣದಿಂದಲ್ಲ, ಪಕ್ಕದ ಬಾಗಿಲುಗಳೆಲ್ಲ ಮುಚ್ಚಿರುವುದರಿಂದ. ಇದರ ಮೇಲೆ ತೆರಿಗೆ. ಪಿಸ್ತೂಲು, ರಿವಾಲ್ವರ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ 28ರಿಂದ ಶೇ 40ಕ್ಕೆ ಏರಿತು. ಆಮದು ನಿಲ್ಲುವ ಮೊದಲು ಬಂದ ಹಳೆಯ ವಿದೇಶಿ ಪಿಸ್ತೂಲೊಂದು ಕೈಬದಲಾದಾಗ ಲಕ್ಷಗಳಲ್ಲಿ ಮಾತಾಡುವುದಕ್ಕೂ ಆ ಮುಚ್ಚಿದ ಬಾಗಿಲೇ ಕಾರಣ. ದರಪಟ್ಟಿ ಓದುವುದೆಂದರೆ ಆಯುಧಗಳ ಗುಣವನ್ನು ಹೋಲಿಸುವುದಲ್ಲ, ಅಧಿಸೂಚನೆಗಳನ್ನು ಹೋಲಿಸುವುದು.

ಆದ್ದರಿಂದ ಕೊಳ್ಳುವವನು ಕೇಳಿಕೊಳ್ಳಬೇಕಾದದ್ದು ‘ಯಾವುದು ಒಳ್ಳೆಯ ಕೋವಿ?’ ಎಂದಲ್ಲ, ‘ಈ ಕೋವಿಯಿಂದ ಏನು ಮಾಡಲು ಕಾನೂನು ನನಗೆ ಬಿಟ್ಟಿದೆ?’ ಎಂದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಇಲ್ಲಿ ಸ್ವಾರಸ್ಯಕರ. ರಕ್ಷಣೆಗೋ ಕ್ರೀಡೆಗೋ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ತಿರುಪು ಗೆರೆಯಿಲ್ಲದ ನುಣುಪು ನಳಿಗೆಯ ಕೋವಿ ಕೇಳಿದರೆ, ಅಥವಾ ನಿಜವಾಗಿ ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಕೋವಿ (ನಮ್ಮ ಕೇಪಿನ ಕೋವಿ) ಕೇಳಿದರೆ, ನಿರಾಕರಿಸಲು ಕಾರಣವಿಲ್ಲದಿದ್ದಲ್ಲಿ ಲೈಸೆನ್ಸ್ ಕೊಡತಕ್ಕದ್ದು ಎನ್ನುತ್ತದೆ ಅದು. ಆಸ್ತಿ ಸಾಲದು ಎಂಬ ಒಂದೇ ನೆಪದಲ್ಲಿ ನಿರಾಕರಿಸುವಂತಿಲ್ಲ ಎಂದು 14ನೇ ಕಲಮು ಸೇರಿಸುತ್ತದೆ. ರಿವಾಲ್ವರ್, ರೈಫಲ್ಲುಗಳಿಗೆ ಮಾತ್ರ ಅರ್ಜಿದಾರ ತಕ್ಕ ಕಾರಣ ತೋರಿಸಿ ಅಧಿಕಾರಿಗೆ ಒಪ್ಪಿಗೆಯಾಗಬೇಕು. ಮಲೆನಾಡಿನ ಗದ್ದೆ ಬದುವಿನ ರೈತ ಕೇಪಿನ ಕೋವಿ ಕೇಳುವಾಗ ಕಾನೂನು ಅವನ ಪರವಾಗಿ ವಾಲಿದೆ. ಪಟ್ಟಣದ ವ್ಯಾಪಾರಿ ರಿವಾಲ್ವರ್ ಕೇಳುವಾಗ ವಾಲಿಲ್ಲ. ಇದನ್ನು ತಿಳಿಯದೆ ಎಷ್ಟೋ ಮಂದಿ ಸಿಗುವುದನ್ನು ಬಿಟ್ಟು ಸಿಗದಿರುವುದಕ್ಕೆ ವರ್ಷಗಟ್ಟಲೆ ಕಚೇರಿ ಅಲೆಯುತ್ತಾರೆ.

ಕೇಪಿನ ಕೋವಿ ಎಂದರೆ ಮೂಗು ಮುರಿಯುವವರೇ ಹೆಚ್ಚು. ಅದರ ಕೆಲಸವನ್ನೊಮ್ಮೆ ಹತ್ತಿರದಿಂದ ನೋಡಬೇಕು. ಅಳತೆಯಷ್ಟು ಮದ್ದು ನಳಿಗೆಯೊಳಗೆ ಸುರಿದು, ಅದರ ಮೇಲೆ ತೆಂಗಿನ ನಾರಿನ ಉಂಡೆ ಇಟ್ಟು, ಗಜ ಹಾಕಿ ಜಡಿಯಬೇಕು. ಗಜ ಟಣ್ಣೆಂದು ಮೇಲಕ್ಕೆ ಪುಟಿದರೆ ಮದ್ದು ಬಿಗಿಯಾಗಿ ಕೂತಿದೆ ಎಂದರ್ಥ. ಆಮೇಲೆ ಚರೆ, ಅದು ಉದುರದಂತೆ ಇನ್ನೊಂದು ಉಂಡೆ, ಕೊನೆಗೆ ಹಿಂಬದಿಯ ಮೊಲೆಯ ಮೇಲೆ ಕೇಪು. ಇಷ್ಟಾದ ಮೇಲೂ ಆಷಾಢದ ತಂಡಿಯಲ್ಲಿ ಕೇಪು ಚಟ್ಟೆಂದು ಸುಮ್ಮನಾಗಬಹುದು. ಒಂದು ಈಡಿಗೂ ಇನ್ನೊಂದಕ್ಕೂ ನಡುವೆ ನಿಮಿಷಗಳೇ ಬೇಕು. ತೋಟಾ ಕೋವಿಯಲ್ಲಿ ಈ ರಗಳೆಯಿಲ್ಲ. ನಳಿಗೆ ಮುರಿದು, ತೋಟಾ ಇಳಿಸಿ, ಮುಚ್ಚಿದರೆ ಆಯಿತು. (12 ಬೋರು ಎಂದರೆ ನಳಿಗೆಯ ಅಳತೆ 12 ಎಂದು ತಿಳಿದವರುಂಟು. ಒಂದು ಪೌಂಡ್ ಸೀಸದಲ್ಲಿ ಆ ನಳಿಗೆಗೆ ಸರಿಹೊಂದುವ 12 ಗುಂಡು ಆಗುತ್ತವೆ ಎಂಬುದು ಲೆಕ್ಕ. ಹಾಗಾಗಿ 16 ಬೋರು 12ಕ್ಕಿಂತ ಸಣ್ಣದು.) ಶಿಕಾರಿಯ ಕಣ್ಣಿನಿಂದ ನೋಡಿದರೆ ಎರಡಕ್ಕೂ ಹೋಲಿಕೆಯೇ ಇಲ್ಲ.

ಆದರೆ ಶಿಕಾರಿ ಎಲ್ಲಿದೆ? 1959ರ ಕಾಯ್ದೆ ಬೆಳೆ ಕಾಯಲು ಕೋವಿ ಕೊಟ್ಟಿತು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗುರಿಯನ್ನೇ ಮುಂದಿನಿಂದ ಎತ್ತಿತು. ಆನೆ, ಕಾಟಿ, ನವಿಲು ಮೊದಲ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯದರಲ್ಲಿದೆ. ನಿಂತ ಬೆಳೆಗೆ ಅಪಾಯವೆಂದು ಹಂದಿಯನ್ನು ಕೊಲ್ಲಲು 11ನೇ ಕಲಮಿನಡಿ ಅನುಮತಿ ಕೊಡಲು ಸಾಧ್ಯವಿದೆ, ಆದರೆ ಕೊಡಬೇಕಾದವರು ಅರಣ್ಯ ಅಧಿಕಾರಿಗಳು, ಬರಹದಲ್ಲಿ, ಕಾರಣ ಸಮೇತ. ಕೋವಿಯ ಲೈಸೆನ್ಸ್ ಆ ಅನುಮತಿಯಲ್ಲ. ಈ ಎರಡು ಕಾಗದಗಳನ್ನು ಒಂದೇ ಎಂದು ಭಾವಿಸಿ ಕೇಸು ಹಾಕಿಸಿಕೊಂಡ ರೈತರ ಸುದ್ದಿ ನಮ್ಮ ಜಿಲ್ಲಾ ಪುಟಗಳಿಗೆ ಹೊಸದಲ್ಲ. ಅನುಮತಿ ಇಲ್ಲದ ದಿನಗಳಲ್ಲಿ ಬೆಳೆಗಾವಲಿನ ಕೋವಿಗೆ ಉಳಿದಿರುವ ಕೆಲಸ ಸದ್ದು ಮಾಡುವುದು. ಸದ್ದೇ ಬೇಕಿದ್ದರೆ, ಕಾನೂನು ಸುಲಭವಾಗಿ ಕೊಡುವ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕೇಪಿನ ಕೋವಿಗಿಂತ ಜೋಡಿ ನಳಿಗೆಯ ತೋಟಾ ಕೋವಿ ಏನು ಹೆಚ್ಚು ಸಾಧಿಸುತ್ತದೆ? ನನಗೆ ಕಾಣುವುದಿಲ್ಲ. ‘ಸದ್ದಿಗೆ ಹಂದಿ ಎರಡು ದಿನ ಬೆದರುತ್ತದೆ, ಮೂರನೇ ದಿನ ಬರುತ್ತದೆ’ ಎಂಬ ಆಕ್ಷೇಪ ಅಕ್ಷರಶಃ ನಿಜ. ಆ ಕೊರತೆ ತುಂಬಬೇಕಾದದ್ದು ಬೇಲಿ, ಕಂದಕ, ಪರಿಹಾರದ ಹಣ. ಹೆಚ್ಚು ಬೆಲೆಯ ನಳಿಗೆಯಲ್ಲ.

ಆತ್ಮರಕ್ಷಣೆಯ ಮಾತನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ಒಂಟಿ ಮನೆ, ಮೈಲಿ ದೂರದ ನೆರೆ, ಅಂಗಳದಲ್ಲಿ ಲಕ್ಷಗಟ್ಟಲೆ ಬೆಲೆಯ ಅಡಿಕೆ ಒಣಗುತ್ತಿರುವಾಗ ಪೊಲೀಸರು ಬರುವವರೆಗೆ ಕೈಕಟ್ಟಿ ಕೂರಿ ಎಂದು ಹೇಳುವ ಧೈರ್ಯ ನನಗಿಲ್ಲ. ಮನೆಯಲ್ಲಿ ಕೋವಿ ಇದೆ ಎಂಬ ಸುದ್ದಿಯೇ ಒಂದು ಕಾವಲು ಎಂಬುದನ್ನೂ ಒಪ್ಪುತ್ತೇನೆ. ಆದರೆ ಸುದ್ದಿ ಮಾಡುವ ಕೆಲಸವನ್ನು ಹಾರಿಸುವ ಕೆಲಸ ಎಂದುಕೊಳ್ಳುವುದು ಅಪಾಯ. ಸ್ವರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ, ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡಬಾರದೆಂಬ ಕಟ್ಟಿನೊಂದಿಗೆ. ಆಸ್ತಿಗಾಗಿ ಪ್ರಾಣ ತೆಗೆಯುವವರೆಗೆ ಅದು ಚಾಚುವುದು ದರೋಡೆ, ರಾತ್ರಿ ಮನೆಮುರಿಯುವುದು, ವಾಸದ ಮನೆಗೆ ಬೆಂಕಿಯಿಡುವುದು ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ. ಅಡಿಕೆ ಮೂಟೆ ಹೊತ್ತು ಓಡುತ್ತಿರುವವನ ಬೆನ್ನಿಗೆ ಈಡು ಹಾರಿಸಿದವನು ಆಮೇಲಿನ ವರ್ಷಗಳನ್ನು ಕೋರ್ಟಿನ ಬೆಂಚಿನ ಮೇಲೆ ಕಳೆಯುತ್ತಾನೆ. ಮಕ್ಕಳಿರುವ ಮನೆಯಲ್ಲಿ ಬೀಗದೊಳಗೆ ಇಡಲೇಬೇಕಾದ ರಿವಾಲ್ವರ್, ಬಾಗಿಲು ಬಡಿದ ಕ್ಷಣಕ್ಕೆ ಕೈಗೆ ಬರುವುದೂ ಇಲ್ಲ. ಒಂದೂವರೆ ಲಕ್ಷದ ಲೆಕ್ಕ ಹಾಕುವಾಗ ಇದನ್ನೂ ಕೂಡಿಸಿಕೊಳ್ಳಬೇಕು.

‘ಕೊಡಗಿನಲ್ಲಿ ಲೈಸೆನ್ಸೇ ಬೇಡವಲ್ಲ, ಅಲ್ಲೇನು ಅನಾಹುತವಾಗಿದೆ?’ ಎಂಬುದು ಈ ಚರ್ಚೆಯಲ್ಲಿ ತಪ್ಪದೆ ಬರುವ ವಾದ. ಒಳ್ಳೆಯ ವಾದವೇ. 1861ರಿಂದ ಬ್ರಿಟಿಷರು ಕೊಟ್ಟ ವಿನಾಯಿತಿ ಸ್ವತಂತ್ರ ಭಾರತದಲ್ಲಿ 1963ರ ಅಧಿಸೂಚನೆಯಾಗಿ ಮುಂದುವರಿಯಿತು. ಕೈಲ್ ಪೊಳ್ದು ಹಬ್ಬದಂದು ಅಲ್ಲಿ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುರಿ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೋವಿಯ ಸದ್ದೇ ಅಲ್ಲಿ ಊರಿಗೆ ಹೇಳಿಕಳಿಸುವ ಮಾತು. ಆದರೆ ಆ ವಿನಾಯಿತಿಯನ್ನು ಓದಿ ನೋಡಿ: ಅದು ಕೊಡವ ಜನಾಂಗದವರಿಗೆ ಮತ್ತು ವಂಶಪಾರಂಪರ್ಯವಾದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ, ಕೊಡಗಿನಲ್ಲಿ ತೋಟ ಕೊಂಡ ಎಲ್ಲರಿಗಲ್ಲ. ಜಿಲ್ಲೆಯ ಹೊರಗೆ ಒಯ್ಯುವಾಗ ಒಂದು ರೈಫಲ್ಲಿಗೆ ನೂರು ಗುಂಡು, ಒಂದು ನುಣುಪು ನಳಿಗೆಯ ಕೋವಿಗೆ ಐನೂರು ತೋಟಾ ಎಂಬ ಮಿತಿ. 2019ರಲ್ಲಿ ಕೇಂದ್ರ ಅದನ್ನು ವಿಸ್ತರಿಸಿದ್ದು 2029ರ ಅಕ್ಟೋಬರ್ 31ರವರೆಗೆ. ಅದರ ವಿರುದ್ಧದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ವಿನಾಯಿತಿ ಇರುವುದು ಲೈಸೆನ್ಸಿನಿಂದ, ವನ್ಯಜೀವಿ ಕಾಯ್ದೆಯಿಂದಲ್ಲ. ಅಂದರೆ ಅಲ್ಲಿಯೂ ಕೋವಿ ಕಾಗದದ ಮೇಲೇ ನಿಂತಿದೆ. ಕಾಗದ ಬೇರೆ ನಮೂನೆಯದು, ಅದಕ್ಕೂ ಒಂದು ಕೊನೆಯ ತಾರೀಕಿದೆ. ಅನಾಹುತ ಕಡಿಮೆ ಎಂಬುದರ ಶ್ರೇಯಸ್ಸು ಸಲ್ಲಬೇಕಾದದ್ದು ತಲೆಮಾರುಗಳ ಶಿಸ್ತಿಗೆ, ಮತ್ತು ಆ ಶಿಸ್ತು ಅಂಗಡಿಯಲ್ಲಿ ಸಿಗುವುದಿಲ್ಲ.

ಕಾಗದದ ಖರ್ಚು ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. 2019ರ ತಿದ್ದುಪಡಿ ಒಬ್ಬನ ಬಳಿ ಇರಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು, ಲೈಸೆನ್ಸಿಲ್ಲದೆ ಇಟ್ಟುಕೊಂಡವನಿಗೆ ಎರಡರಿಂದ ಐದು ವರ್ಷದ ಸಜೆ ಎಂದಿತು. ನಾಡಕೋವಿ ಕುಲುಮೆಯಲ್ಲಿ ಅಗ್ಗಕ್ಕೆ ಸಿಗುತ್ತದೆ ಎನ್ನುವವರು ಈ ಎರಡು ವರ್ಷವನ್ನೂ ಬೆಲೆಗೆ ಸೇರಿಸಲಿ. ನವೀಕರಣ ಮರೆತ ಸಜ್ಜನನೂ ಕಾಯ್ದೆಯ ಕಣ್ಣಿಗೆ ಲೈಸೆನ್ಸಿಲ್ಲದವನೇ. ಅಪ್ಪ ತೀರಿಕೊಂಡ ಮೇಲೆ ಅಟ್ಟದಲ್ಲಿ ಉಳಿದ ಕೋವಿ ಇನ್ನೂ ನಾಜೂಕು: ತಡಮಾಡದೆ ಠಾಣೆಯಲ್ಲೋ ಪರವಾನಗಿದಾರ ಅಂಗಡಿಯಲ್ಲೋ ಠೇವಣಿ ಇಟ್ಟು, ಮಕ್ಕಳಲ್ಲೊಬ್ಬರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಸಾವಿನವರೆಗೆ ಕಾಯಬೇಕಿಲ್ಲ ಎಂಬುದು ಹಲವರಿಗೆ ತಿಳಿಯದು. ಯಜಮಾನರಿಗೆ ಎಪ್ಪತ್ತು ತುಂಬಿದ್ದರೆ, ಅಥವಾ ಕೋವಿ ಅವರ ಬಳಿ ಇಪ್ಪತ್ತೈದು ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ.

ಇನ್ನು ಚುನಾವಣೆ. ಅದು ಮುಗಿಯುವವರೆಗೆ ಕೋವಿಯನ್ನು ಠಾಣೆಯಲ್ಲಿಡಬೇಕಾಗಿ ಬರುತ್ತದೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ಕ್ಕೆ ವೇಳಾಪಟ್ಟಿ, ಜೂನ್ 4ಕ್ಕೆ ಎಣಿಕೆ, ಎಂಬತ್ತು ದಿನ. ಯಾರ ಆಯುಧವನ್ನು ತರಿಸಿ ಇರಿಸಿಕೊಳ್ಳಬೇಕೆಂದು ಒಬ್ಬೊಬ್ಬರದೂ ಪರಿಶೀಲಿಸಿ ತೀರ್ಮಾನಿಸಬೇಕಾದ ಸಮಿತಿ ಇದ್ದರೂ, ಬಹಳ ಕಡೆ ಎಲ್ಲರೂ ತಂದಿಡಿ ಎಂಬ ಆದೇಶವೇ ಹೊರಡುತ್ತದೆ. ಹಲಸು ಹಣ್ಣಾಗಿ ಆನೆ ತೋಟಕ್ಕೆ ಇಳಿಯುವ ಕಾಲ ಸರಿಯಾಗಿ ಇದೇ. ರೈತರ ಈ ದೂರು ನ್ಯಾಯವಾದದ್ದು. ಬೆಳೆಗಾವಲಿಗೆಂದು ಸರ್ಕಾರವೇ ಕೊಟ್ಟ ಕೋವಿಯನ್ನು ಗಾವಲಿನ ಹೊತ್ತಿಗೇ ಕಸಿಯುವುದರಲ್ಲಿ ಅರ್ಥವಿಲ್ಲ. ವಿನಾಯಿತಿ ಬೇಕಿದ್ದವರು ವೇಳಾಪಟ್ಟಿ ಬಂದ ವಾರವೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಲೇಸು. ಇಡಲೇಬೇಕಾಗಿ ಬಂದರೆ, ಠಾಣೆಯ ಕೋಣೆಯಲ್ಲಿ ಗೋಡೆಗೊರಗಿ ನಿಲ್ಲುವ ನಾಲ್ಕಾರು ಡಜನ್ ಕೋವಿಗಳ ನಡುವೆ ನಮ್ಮದೂ ಒಂದು ಎಂಬುದು ನೆನಪಿರಲಿ. ಒಯ್ಯುವ ಮುನ್ನ ನಳಿಗೆಯ ಒಳಗೂ ಹೊರಗೂ ಎಣ್ಣೆ ಬಟ್ಟೆ ಆಡಿಸಿ, ಹಿಡಿಗೆ ಲೈಸೆನ್ಸ್ ನಂಬರಿನ ಚೀಟಿ ಕಟ್ಟಿ, ರಶೀದಿಯಲ್ಲಿ ಕೋವಿಯ ನಂಬರು ಸರಿಯಾಗಿ ಬರೆದಿದ್ದಾರೆಯೇ ಎಂದು ಅಲ್ಲೇ ನಿಂತು ಓದಿಕೊಳ್ಳಬೇಕು. ವಾಪಸು ಸಿಗುವ ಹೊತ್ತಿಗೆ ಮುಂಗಾರು ಹತ್ತಿರ ಬಂದಿರುತ್ತದೆ, ಒರೆಸದ ನಳಿಗೆ ತುಕ್ಕು ಕಟ್ಟಲು ಅಷ್ಟು ತೇವ ಸಾಕು.